ಸಾವಿರ ದಿನದ ಬೋರ್ಡು, ಬಾಳಪ್ಪನ ಎಡಗಣ್ಣು

ನಳಿನಾಕ್ಷಿಯ ಕಾಲಿಗೆ ಚಕ್ರ ಕಟ್ಟಿದೆ ಎಂದು ಡೊಂಬಿವಲಿಯ ಅವಳ ಹೌಸಿಂಗ್ ಸೊಸೈಟಿಯಲ್ಲಿ ಹೇಳದವರೇ ಇಲ್ಲ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹಾಲು ಒಲೆಯ ಮೇಲಿಟ್ಟು ಅದು ಕಾಯುವುದರೊಳಗೆ ಎರಡು ಕಿಟಕಿ ಒರೆಸಿ ಬರುತ್ತೇನೆಂದು ಹೋಗುವಳು, ಹಾಲು ಅವಳಿಗಾಗಿ ಕಾಯದೆ ಉಕ್ಕಿ ಹೋಗುತ್ತಿತ್ತು. ಕೈಗೆ ಕೆಲಸವಿಲ್ಲದಾಗ ಎಣಿಸುತ್ತಿದ್ದಳು. ರೈಲಿನ ಸೇತುವೆಯ ಮೆಟ್ಟಿಲು, ಲೇಡೀಸ್ ಡಬ್ಬಿಯಲ್ಲಿ ನೇತಾಡುವ ಹಿಡಿಕೆಗಳು, ಅಕ್ಕಿಯಲ್ಲಿ ಸಿಕ್ಕ ಕಲ್ಲು, ಯಾವುದಾದರೂ ಸರಿ. ಗಂಡ ಲೀಲಾಧರ ಠಾಣೆಯ ವರ್ತಕ ನಗರದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು, ದಿನಕ್ಕೆ ಹದಿಮೂರು ಗಂಟೆ ಒಂದೇ ಭಂಗಿಯಲ್ಲಿ ಕೂತು ರೂಢಿಯಾದ ಮನುಷ್ಯ. ದೇವರು ಜೋಡಿ ಹೊಂದಿಸುವಾಗ ಒಂದೊಂದು ಸಲ ತಮಾಷೆಯನ್ನೂ ನೋಡುತ್ತಾನೆ.

ಇಂಥವಳಿಗೆ ಸಿಕ್ಕಿದ್ದು ಹಾಜರಿ ಬರೆಯುವ ಕೆಲಸ. ಉಡುಪಿ ಕಡೆಯ ಕಾಪುವಿನಿಂದ ಮದುವೆಯಾಗಿ ಬಂದವಳು, ಮಗಳು ಅಶ್ಮಿತಾ ಶಾಲೆಗೆ ಹೋಗತೊಡಗಿದ ಮೇಲೆ, ಎರಡು ಸಾವಿರದ ಮೂರರಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದಳು. ಕಾರ್ಖಾನೆಯ ಹೆಸರು ಇಲ್ಲಿ ಬೇಡ, ಹೆಸರು ಹೇಳಿದರೆ ನಾಳೆ ನನ್ನ ಮನೆಗೆ ವಕೀಲರ ಕಾಗದ ಬರುತ್ತದೆ. ಅಲ್ಲಿನ ನೆಲ ಒಂದು ದಿನ ನೀಲಿ, ಒಂದು ದಿನ ಗುಲಾಬಿ. ಕೆಲಸ ಮುಗಿಸಿ ಹೊರಟ ಗಂಡಸರ ಕಿವಿಯೊಳಗೂ ಅದೇ ಬಣ್ಣ. ಮನೆಗೆ ಬಂದ ಅಮ್ಮನ ಚಪ್ಪಲಿ ನೋಡಿ ಅಶ್ಮಿತಾ, ಆಜ್ ಕೌನ್ಸಾ ಕಲರ್ ಬನಾಯಾ, ಎಂದು ಹಿಂದಿಯಲ್ಲೇ ಕೇಳುತ್ತಿದ್ದಳು, ಇವತ್ತು ಯಾವ ಬಣ್ಣ ಮಾಡಿದಿರಿ ಎಂದು.

ಮೊದಲ ಕೆಲವು ವರ್ಷ ಬರಿಯ ಹಾಜರಿಯಷ್ಟೇ ಇತ್ತು. ಆಮೇಲೆ ವಿದೇಶದ ಒಬ್ಬ ದೊಡ್ಡ ಗಿರಾಕಿ ಬಂದ. ಬಣ್ಣ ಕೊಳ್ಳುವ ಮೊದಲು ಅವನಿಗೆ ಒಂದು ಲೆಕ್ಕ ಬೇಕಂತೆ. ಹತ್ತು ಲಕ್ಷ ಗಂಟೆಯ ದುಡಿತಕ್ಕೆ ಎಷ್ಟು ಮಂದಿ ಗಾಯಗೊಂಡು ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ? ಜಗತ್ತಿನ ಎಲ್ಲ ಕಾರ್ಖಾನೆಗಳನ್ನೂ ಇದೇ ಅಳತೆಯಲ್ಲಿ ಅಳೆಯುತ್ತಾರೆ ಎಂದು ಮ್ಯಾನೇಜರ್ ಹಯಗ್ರೀವ ಹೇಳಿದ. ಹಯಗ್ರೀವ ಧಾರವಾಡದಲ್ಲಿ ಹುಟ್ಟಿ ಠಾಣೆಯಲ್ಲಿ ಬೆಳೆದವನು, ಮಾತು ಮೃದು, ಯಾರ ಮೇಲೂ ಕೂಗಿದವನಲ್ಲ. ಎಣಿಸುವ ಹುಚ್ಚಿರುವವಳು ಕಣ್ಣೆದುರೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು? ಲೆಕ್ಕ ನಳಿನಾಕ್ಷಿಯ ಪಾಲಿಗೆ ಬಂತು. ಗೇಟಿನ ಬಳಿ ಹಸಿರು ಬೋರ್ಡೂ ಬಂತು: ಅಪಘಾತವಿಲ್ಲದ ದಿನಗಳು. ಪ್ರತಿ ಬೆಳಿಗ್ಗೆ ತಗಡಿನ ಅಂಕಿಗಳನ್ನು ಬದಲಿಸುವವಳೂ ಅವಳೇ.

ಅಂಕಿ ಏರುವುದಕ್ಕೆ ಒಂದು ಉಪಾಯವಿತ್ತು. ಯಾರಿಗಾದರೂ ಗಾಯವಾದರೆ ಮಾರನೆಯ ಬೆಳಿಗ್ಗೆ ಅವನ ಮನೆಗೆ ಕಂಪನಿಯ ಖರ್ಚಿನಲ್ಲಿ ರಿಕ್ಷಾ ಹೋಗುತ್ತಿತ್ತು. ಅವನನ್ನು ಕರೆತಂದು ಟೈಮ್ ಆಫೀಸಿನ ಮೂಲೆಯ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ, ಹಾಜರಿ ಹಾಕಿ, ಎರಡು ಹೊತ್ತು ಚಹಾ ಕೊಟ್ಟು, ಸಂಜೆ ವಾಪಸು ಬಿಡುವುದು. ಬಂದಿದ್ದಾನೆ, ಆದ್ದರಿಂದ ದಿನ ತಪ್ಪಲಿಲ್ಲ. ದಿನ ತಪ್ಪಲಿಲ್ಲ, ಆದ್ದರಿಂದ ಅಪಘಾತವಿಲ್ಲ. ಬೆರಳು ಜಜ್ಜಿಕೊಂಡವರು, ಕಾಲು ಉಳುಕಿದವರು, ಮುಂಗೈ ಬೆಂದವರು ಎಲ್ಲರೂ ಆ ಕುರ್ಚಿಯ ಮೇಲೆ ಕೂತೆದ್ದವರೇ. ಗುತ್ತಿಗೆ ಆಳುಗಳ ವಿಷಯವಂತೂ ಇನ್ನೂ ಚಂದ, ಅವರು ದುಡಿದ ಗಂಟೆಗಳನ್ನು ಲೆಕ್ಕಕ್ಕೆ ಕೂಡಿಸುತ್ತಿದ್ದರು, ಅವರ ಗಾಯವನ್ನು ಕೂಡಿಸುತ್ತಿರಲಿಲ್ಲ. ನಳಿನಾಕ್ಷಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಒಬ್ಬನೇ ನರಳುವುದಕ್ಕಿಂತ ಇಲ್ಲಿ ಫ್ಯಾನಿನ ಕೆಳಗೆ ಕೂತಿದ್ದರೆ ಎಂತ ನಷ್ಟ, ಸಂಬಳವೂ ಸಿಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮೇಲೂ ಎದ್ದು ಎರಡು ಸುತ್ತು ಹಾಕಿ ಬರುತ್ತಿದ್ದಳು.

ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಆ ಗಿರಾಕಿಯವರು ವಾಶಿಯಲ್ಲಿ ಒಂದು ದಿನದ ತರಬೇತಿ ಇಟ್ಟರು. ನವಿ ಮುಂಬೈ, ಡೊಂಬಿವಲಿ, ಬದಲಾಪುರ ಕಡೆಯ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯುವವರೆಲ್ಲ ಬಂದಿದ್ದರು. ಪಾಠ ಹೇಳಿದವಳು ಜಯಲತಾ ಎಂಬ ಮಂಗಳೂರಿನವಳು, ಕನ್ನಡಕದ ಮೇಲಿಂದ ನೋಡುವ ಗಟ್ಟಿ ಹೆಂಗಸು. ಗೋಡೆಯ ಮೇಲೆ ದೇಶ ದೇಶಗಳ ಲೆಕ್ಕ ತೋರಿಸಿದಳು. ಕೆಲವು ದೇಶಗಳಲ್ಲಿ ಕೆಲಸದಲ್ಲಿ ಒಬ್ಬ ಸತ್ತರೆ ಅದರ ಜೊತೆಗೆ ನೂರಾರು ಗಾಯಗಳೂ ದಾಖಲಾಗಿವೆ. ಕೆಲವು ದೇಶಗಳಲ್ಲಿ ಸಾವಿನ ಪಕ್ಕದಲ್ಲಿ ಬೆರಳೆಣಿಕೆಯಷ್ಟೇ ಗಾಯ. ಈ ಎರಡನೆಯ ಸಾಲಿನ ದೇಶಗಳಲ್ಲಿ ಜನ ಎಡವುವುದೇ ಇಲ್ಲವೇ, ಸೀದಾ ಸಾಯುತ್ತಾರೆಯೇ ಎಂದು ಜಯಲತಾ ಕೇಳಿದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಕತೆ.

ಊಟದ ಹೊತ್ತಿನಲ್ಲಿ ನಳಿನಾಕ್ಷಿ ಅವಳನ್ನು ಹುಡುಕಿಕೊಂಡು ಹೋಗಿ ತುಳುವಿನಲ್ಲಿ ಮಾತಿಗೆಳೆದಳು. ಗಾಯಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು, ಏನೂ ಅರಿಯದವಳ ಹಾಗೆ. ಜಯಲತಾ ಅನ್ನ ಕಲಸುತ್ತಲೇ, ಗಾಯವನ್ನು ಎಲ್ಲಿಯಾದರೂ ಕೂರಿಸಬಹುದು, ಹೆಣವನ್ನು ಕೂರಿಸಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಅದೊಂದು ಲೆಕ್ಕಕ್ಕೆ ಸಿಗುತ್ತದೆ ಎಂದಳು. ನಳಿನಾಕ್ಷಿ ಮಧ್ಯಾಹ್ನದ ಪಾಠದಲ್ಲಿ ಮೂರು ಸಲ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದಳು.

ಆ ವರ್ಷದ ಚಳಿಗಾಲದಲ್ಲಿ ಬೋರ್ಡು ಸಾವಿರಕ್ಕೆ ಹತ್ತಿರ ಬಂತು. ಸಾವಿರ ತುಂಬಿದ ದಿನ ಪ್ರತಿಯೊಬ್ಬ ಆಳಿಗೂ ಐದು ಲೀಟರಿನ ಕುಕ್ಕರ್ ಎಂದು ಕಂಪನಿ ಸಾರಿತು. ಗುತ್ತಿಗೆಯವರಿಗೂ ಉಂಟು ಎಂದ ಮೇಲೆ ಕೇಳಬೇಕೇ? ಅಲ್ಲಿಯವರೆಗೆ ಆ ಅಂಕಿ ಆಫೀಸಿನವರದಾಗಿತ್ತು, ಈಗ ಇನ್ನೂರ ನಲವತ್ತು ಮನೆಗಳದಾಯಿತು. ಗೋದಾಮಿನಲ್ಲಿ ಕುಕ್ಕರುಗಳ ರಟ್ಟಿನ ಪೆಟ್ಟಿಗೆ ಸೂರು ಮುಟ್ಟುವಂತೆ ಪೇರಿಸಿಟ್ಟಿದ್ದರು. ಜನ ಶಿಫ್ಟಿಗೆ ಬರುವಾಗ ಮೊದಲು ಬೋರ್ಡು ನೋಡಿ ಆಮೇಲೆ ಒಳಗೆ ಹೋಗುತ್ತಿದ್ದರು.

ಒಂಬೈನೂರ ತೊಂಬತ್ತನಾಲ್ಕನೆಯ ದಿನ ಬಾಳಪ್ಪನ ಕಣ್ಣಿಗೆ ಕಾಸ್ಟಿಕ್ ಸೋಡಾದ ನೀರು ಹಾರಿತು.

ಬಾಳಪ್ಪ ಬಾಗಲಕೋಟೆ ಕಡೆಯವನು, ಗುತ್ತಿಗೆ ಆಳು, ವಿಠ್ಠಲವಾಡಿಯಲ್ಲಿ ಮನೆ. ಹೆಂಡತಿ ನೀಲಗಂಗಾ ಜೋಳದ ರೊಟ್ಟಿ ಬಡಿದು ಕಲ್ಯಾಣದ ಖಾನಾವಳಿಗಳಿಗೆ ಕೊಡುವವಳು. ಪಂಪಿನ ಪೈಪು ಜೋಡಿಸುವ ಕಡೆ ಸಡಿಲವಾಗಿತ್ತು, ಬಗ್ಗಿ ನೋಡಿದ, ಎಡಗಣ್ಣಿಗೆ ಚಿಮ್ಮಿತು. ನಲ್ಲಿಯ ಕೆಳಗೆ ಹಿಡಿದು ಐದು ನಿಮಿಷ ತೊಳೆದರು. ಕಂಪೌಂಡರ್ ಎರಡು ಹನಿ ಔಷಧಿ ಬಿಟ್ಟು ಪಟ್ಟಿ ಕಟ್ಟಿದ. ದೊಡ್ಡಾಸ್ಪತ್ರೆಗೆ ಕಳಿಸಬೇಕಾದರೆ ಅಪಘಾತದ ಕಾಗದ ಬರೆಯಬೇಕು. ಕಾಗದ ಒಮ್ಮೆ ಹೊರಗೆ ಹೋದರೆ ಗುತ್ತಿಗೆಯವನ ಗಾಯವನ್ನೂ ಮುಚ್ಚಿಡಲಾಗದು, ಬೋರ್ಡು ಸೊನ್ನೆ.

ಹಯಗ್ರೀವ ಮೃದುವಾಗಿಯೇ ಹೇಳಿದ, ಇನ್ನು ಆರೇ ದಿನ, ಶನಿವಾರ ಫಂಕ್ಷನ್ ಮುಗಿದ ಕೂಡಲೇ ನಾನೇ ನನ್ನ ಕಾರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು. ಮಾರನೆಯ ದಿನ ರಿಕ್ಷಾ ವಿಠ್ಠಲವಾಡಿಗೆ ಹೋಯಿತು, ಬಾಳಪ್ಪ ಬಂದು ಕುರ್ಚಿಯಲ್ಲಿ ಕೂತ. ನಳಿನಾಕ್ಷಿ ಹಾಜರಿ ಹಾಕಿದಳು, ಚಹಾ ತರಿಸಿದಳು. ಪಟ್ಟಿಯ ಕೆಳಗಿನಿಂದ ನೀರು ಇಳಿಯುತ್ತಲೇ ಇತ್ತು. ಅವನು ಅದನ್ನು ಹೆಗಲ ಟವಲಿನಿಂದ ಒತ್ತಿಕೊಳ್ಳುತ್ತ, ಏನಿಲ್ರಿ ಅಕ್ಕಾರ, ಸ್ವಲ್ಪ ಉರಿ ಐತಿ, ಎಂದ. ಶಿಫ್ಟು ಬದಲಾಗುವಾಗ ಜೊತೆಯವರು ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕಿ ಹೋದರು. ಇನ್ನು ಐದೇ ದಿನ ಬಾಳಣ್ಣ, ಕಣ್ಣು ಮುಚ್ಚಿಕೊಂಡು ಕೂತುಬಿಡು ಎಂದು ಒಬ್ಬ ಹೇಳಿದ. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿಗೆ ಹೋಗುವಳು, ಬರುವಳು, ಕಪಾಟು ತೆಗೆಯುವಳು, ಮುಚ್ಚುವಳು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಲೀಲಾಧರ ಎಲ್ಲವನ್ನೂ ಕೇಳಿ, ಮ್ಯಾನೇಜರನೇ ಕರೆದೊಯ್ಯುತ್ತೇನೆ ಎಂದಿದ್ದಾನಲ್ಲ, ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನಿನಗೆ ಯಾಕೆ, ಹತ್ತು ವರ್ಷದ ನೌಕರಿ ಎಂದ. ಒಳ್ಳೆಯ ಮನುಷ್ಯ, ತಪ್ಪು ಮಾತು. ಅವಳು ಬೆಳ್ಳಂಬೆಳಿಗ್ಗೆ ಎದ್ದು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು.

ಮೂರನೆಯ ದಿನ ಬೆಳಿಗ್ಗೆ ತಡೆಯಲಾರದೆ ಗೇಟಿಗೆ ರಿಕ್ಷಾ ಕರೆಸಿದಳು. ಬಾಳಪ್ಪನ ರಟ್ಟೆ ಹಿಡಿದು, ಏಳಿ, ಆಸ್ಪತ್ರೆಗೆ ಹೋಗುವ, ಯಾರಿಗೂ ಕೇಳುವುದು ಬೇಡ ಎಂದಳು. ಬಾಳಪ್ಪ ಏಳಲಿಲ್ಲ.

"ಬ್ಯಾಡ್ರಿ ಅಕ್ಕಾರ. ಇಷ್ಟು ಮಂದಿ ಹೆಣ್ಮಕ್ಕಳು ಕುಕ್ಕರ್ ಬರ್ತದಂತ ಕುಂತಾರ. ಬಾಳ್ಯಾನ ಸಲುವಾಗಿ ಹೋತು ಅಂತ ನಾಳಿ ನನ್ನ ಹೇಣ್ತಿಗಿ ನಳದ ಹಂತ್ಯಾಕ ನಿಂದ್ರಗೊಡಂಗಿಲ್ಲ."

ಇನ್ನೊಂದು ಸಲ ಎಳೆಯಬೇಕಾಗಿತ್ತು. ಅವಳಿಗೆ ಆ ಕ್ಷಣದಲ್ಲೇ ಗೊತ್ತಿತ್ತು, ಇನ್ನೊಂದು ಸಲ ಎಳೆದಿದ್ದರೆ ಅವನು ಎದ್ದು ಬರುತ್ತಿದ್ದ. ಅವಳು ಎಳೆಯಲಿಲ್ಲ. ಇನ್ನು ಮೂರು ದಿನ ತಾನೇ ಎಂದುಕೊಂಡು ರಿಕ್ಷಾದವನನ್ನು ಬರಿಗೈಯಲ್ಲಿ ವಾಪಸು ಕಳಿಸಿದಳು.

ಶನಿವಾರ ಗೇಟಿನ ಬೋರ್ಡಿಗೆ ಚೆಂಡು ಹೂವಿನ ಹಾರ ಹಾಕಿದರು. ನಳಿನಾಕ್ಷಿ ಒಂದರ ಮುಂದೆ ಮೂರು ಸೊನ್ನೆ ತೂಗುಹಾಕಿದಳು, ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ವಿದೇಶದವನು ಕಂಪ್ಯೂಟರಿನ ಪರದೆಯಲ್ಲೇ ಕಾಣಿಸಿಕೊಂಡು ಅಭಿನಂದನೆ ಹೇಳಿದ. ಬಾಳಪ್ಪನೂ ಸಾಲಿನಲ್ಲಿ ನಿಂತು ಕುಕ್ಕರ್ ತೆಗೆದುಕೊಂಡ. ಹಯಗ್ರೀವ ಮಾತಿಗೆ ತಪ್ಪಲಿಲ್ಲ, ಮಧ್ಯಾಹ್ನ ತನ್ನ ಕಾರು ತಂದ. ನಳಿನಾಕ್ಷಿಯೂ ಹತ್ತಿದಳು.

ಕಲ್ಯಾಣದ ಕಣ್ಣಿನ ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಸಿಡ್ ಬಿದ್ದರೆ ಮೇಲೆ ಸುಡುತ್ತದೆ, ಕಾಸ್ಟಿಕ್ ಹಾಗಲ್ಲ, ಒಳಗೊಳಗೇ ಇಳಿಯುತ್ತ ಹೋಗುತ್ತದೆ, ಅರ್ಧ ಗಂಟೆಗೂ ಮೇಲೆ ತೊಳೆದು ಅದೇ ದಿನ ತಂದಿದ್ದರೆ ಉಳಿಸಬಹುದಿತ್ತೇನೋ ಎಂದರು. ಈಗ ಆ ಕಣ್ಣು ಬೆಳಕು ಕತ್ತಲೆಯಷ್ಟೇ ತಿಳಿದೀತು, ಅದೂ ಹೆಚ್ಚು ದಿನವಿಲ್ಲ. ಬಾಳಪ್ಪನಿಗೆ ಮರಾಠಿಯಲ್ಲಿ ಹೇಳಿದ ಮಾತು ಅರ್ಥವಾಗಿತ್ತು. ಆದರೂ ಅವನು ನಳಿನಾಕ್ಷಿಯ ಕಡೆ ತಿರುಗಿ, ಏನಂದ್ರಿ ಅವರು, ಎಂದು ಕೇಳಿದ. ಅವಳು ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

ಆಮೇಲೆ ಕಂಪನಿ ದಾರಿ ಹುಡುಕಿತು. ಮನೆಯಲ್ಲಿ ಸುಣ್ಣ ಬಳಿಯುವಾಗ ಕಣ್ಣಿಗೆ ಬಿತ್ತು ಎಂದು ಬಾಳಪ್ಪ ಹೇಳಲಿ, ಗೇಟಿನಲ್ಲಿ ಕಾವಲು ಕೆಲಸ ಕಾಯಂ ಎಂದರು. ಬಾಳಪ್ಪ ತಲೆಯಾಡಿಸಿದ. ಆದರೆ ನೀಲಗಂಗಾ ಯಾರನ್ನೂ ಕೇಳದೆ, ರೊಟ್ಟಿಯ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಕಾರ್ಮಿಕರ ವಿಮಾ ಕಚೇರಿಗೆ ಹೋಗಿ, ನನ್ನ ಗಂಡನ ಕಣ್ಣು ಕಾರ್ಖಾನೆಯಲ್ಲಿ ಹೋಗಿದೆ ಎಂದು ಅರ್ಜಿ ಬರೆಸಿ ಬಂದಳು. ಅಲ್ಲಿಂದ ಕರೆ ಬಂತು: ಹಾಜರಿ ಪುಸ್ತಕ ತೆಗೆದುಕೊಂಡು, ಅದನ್ನು ಬರೆಯುವವರು ಬರಬೇಕು.

ನೀವು ಬಾಯಿ ಬಿಡುವ ಅಗತ್ಯವೇ ಇಲ್ಲ, ಪುಸ್ತಕ ತೋರಿಸಿ ಬನ್ನಿ ಎಂದು ಹಯಗ್ರೀವ ಹೇಳಿ ಕಳಿಸಿದ. ನಿಜವೇ, ಬಾಯಿ ಬಿಡುವ ಅಗತ್ಯವಿರಲಿಲ್ಲ. ವಿಮಾ ಕಚೇರಿಯ ಸಾಹೇಬರು ಪುಟ ತಿರುವಿ ಬೆರಳಿಟ್ಟು ತೋರಿಸಿದರು. ಅರ್ಜಿಯಲ್ಲಿ ಹೇಳಿದ ದಿನ ಹಾಜರು, ಮಾರನೆಯ ದಿನ ಹಾಜರು, ಅದರ ಮಾರನೆಯ ದಿನವೂ ಹಾಜರು. ಶನಿವಾರದವರೆಗೆ ಒಂದು ದಿನವೂ ತಪ್ಪಿಲ್ಲ, ಪ್ರತಿ ದಿನದ ಮುಂದೆಯೂ ಎನ್ ಎಂದು ಚೊಕ್ಕವಾದ ಸಹಿ. ಕಣ್ಣಿಗೆ ಕಾಸ್ಟಿಕ್ ಬಿದ್ದವನು ಅಷ್ಟು ದಿನ ಎಂಟೆಂಟು ಗಂಟೆ ದುಡಿಯುವುದುಂಟೇ? ಸಾಹೇಬರು ಕೆಟ್ಟವರಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಓದಿದರು ಅಷ್ಟೇ. ಹತ್ತು ವರ್ಷ ಒಂದು ಗೀಟೂ ಅತ್ತಿತ್ತ ಆಗದಂತೆ ಬರೆದ ತನ್ನ ಅಕ್ಷರವನ್ನು ನಳಿನಾಕ್ಷಿ ಮೇಜಿನ ಈಚೆಯಿಂದ ನೋಡಿದಳು. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ಯಾರು ತಾನೇ ನಂಬುವುದಿಲ್ಲ?

ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ್ದರು, ಸಾಹೇಬರು ಬಾಳಪ್ಪನನ್ನೇ ಕೇಳಿದರು. ಬಾಳಪ್ಪ ಒಂದು ಕಣ್ಣಿನಿಂದ ನಳಿನಾಕ್ಷಿಯ ಕಡೆ ನೋಡಿದ. ಅವಳ ಸಹಿ, ಅವಳ ನೌಕರಿ ಎಂಬುದು ಅವನಿಗೆ ಆಗ ಹೊಳೆದಿರಬೇಕು.

"ಮನ್ಯಾಗ ಸುಣ್ಣ ಬಿದ್ದಿತ್ರಿ ಸಾಹೇಬ್ರ," ಎಂದು ತನ್ನ ಹರಕು ಮರಾಠಿಯಲ್ಲಿ ಹೇಳಿದ. "ನನ್ನ ಹೇಣ್ತಿಗಿ ತಿಳೀವಲ್ದು."

ನೀಲಗಂಗಾ ಬುಟ್ಟಿ ಕೆಳಗಿಟ್ಟಳು. ಸಾಹೇಬರಿಗೆ ಕನ್ನಡ ಬಾರದು, ಅವಳಿಗೆ ಮರಾಠಿ ಅಷ್ಟಾಗಿ ಬಾರದು. ಆದರೂ ತನ್ನ ಭಾಷೆಯಲ್ಲೇ, ನಮ್ಮ ಮನೆಗೆ ಸುಣ್ಣ ಹಚ್ಚಿ ಹನ್ನೊಂದು ವರ್ಷವಾಯಿತು, ಬೇಕಾದರೆ ಬಂದು ಗೋಡೆ ಕೆರೆದು ನೋಡಿ ಎಂದಳು. ಆಮೇಲೆ ನಳಿನಾಕ್ಷಿಯ ಮುಖವನ್ನೇ ನೋಡುತ್ತ ನಿಂತಳು, ಇದನ್ನು ಮರಾಠಿಯಲ್ಲಿ ನೀನೇ ಹೇಳು ಎನ್ನುವಂತೆ.

ನಳಿನಾಕ್ಷಿ ಎದ್ದು ನಿಂತಳು. ನೀಲಗಂಗಾಳ ಸುಣ್ಣದ ಮಾತನ್ನು ಮರಾಠಿಯಲ್ಲಿ ಹೇಳಿದಳು, ಹೇಳಿ ಮುಗಿಸಿ ಅಲ್ಲಿಗೇ ನಿಲ್ಲಲಿಲ್ಲ. ಈ ಹಾಜರಿ ಸುಳ್ಳು, ಕಾರ್ಖಾನೆಯಲ್ಲೇ ಕಣ್ಣಿಗೆ ಕಾಸ್ಟಿಕ್ ಬಿತ್ತು, ಮಾರನೆಯ ದಿನದಿಂದ ಇವನು ಒಂದು ದಿನವೂ ಕೆಲಸ ಮಾಡಲಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನ ಎದುರು ಕೂತಿದ್ದ, ಕೂರಿಸಿದವಳು ನಾನು, ಸಹಿಯೂ ನನ್ನದು ಎಂದಳು. ಬರೆದುಕೊಡುತ್ತೀರಾ ಎಂದು ಸಾಹೇಬರು ಕೇಳಿದರು. ನಿಮ್ಮ ನೌಕರಿ ಹೋಗಬಹುದು ಎಂದೂ ಸೇರಿಸಿದರು. ಅವಳು ಅಲ್ಲೇ ಮೇಜಿನ ಮೇಲೆ ಬಗ್ಗಿ ಒಂದೂವರೆ ಪುಟ ಬರೆದಳು. ಎಷ್ಟೋ ವರ್ಷಗಳ ನಂತರ ಅಷ್ಟು ಹೊತ್ತು ಒಂದೇ ಕಡೆ ನಿಂತಿದ್ದಳು. ಹೊರಗೆ ಬಂದ ಮೇಲೆ ಬಾಳಪ್ಪ ಸಿಟ್ಟಾದ. ನನಗೆ ಕಾಯಂ ಕೆಲಸ ಬರೋದಿತ್ತು, ನಿಮಗೂ ಕೆಲಸ ಇತ್ತು, ಈಗ ಇಬ್ಬರಿಗೂ ಇಲ್ಲ ಎಂದು ಕೂಗಾಡಿದ. ಹೇಳಿದ್ದರಲ್ಲಿ ತಪ್ಪೇನಿಲ್ಲ.

ನೌಕರಿ ಆ ವಾರವೇ ಹೋಯಿತು. ಹಯಗ್ರೀವ ಆಗಲೂ ಕೂಗಲಿಲ್ಲ, ರಾಜೀನಾಮೆಯ ಕಾಗದವನ್ನು ಟೈಪು ಮಾಡಿಸಿಯೇ ಇಟ್ಟಿದ್ದ. ಕಾರ್ಖಾನೆಯ ಕೆಲವರು ಅವಳನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದರು. ವಿಚಾರಣೆಯ ನಂತರ ಬೋರ್ಡು ಸೊನ್ನೆಗೆ ಇಳಿಯಿತಂತೆ, ಮುಂದಿನ ವರ್ಷದ ಉಡುಗೊರೆಯೂ ನಿಂತಿತಂತೆ. ಲೀಲಾಧರ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬದಲಾಪುರದ ಒಂದು ಶಾಲೆಯಲ್ಲಿ ಗುಮಾಸ್ತರ ಕೆಲಸ ಖಾಲಿ ಇದೆ ಎಂಬ ಸುದ್ದಿ ತಂದ. ಅವಳು ಆ ಕೆಲಸಕ್ಕೆ ಸೇರಿ, ಗಂಡ ಹೋಗುವುದಕ್ಕೆ ಎದುರು ದಿಕ್ಕಿನ ರೈಲು ಹತ್ತತೊಡಗಿದಳು.

ವಿಮಾ ಕಚೇರಿಯಿಂದ ಬಾಳಪ್ಪನಿಗೆ ಕಾಗದ ಬಂದದ್ದು ಎಂಟು ತಿಂಗಳ ಮೇಲೆ. ಓದಿ ಹೇಳಲು ಅವಳನ್ನೇ ಕರೆದರು. ಅವನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು, ಒಂದು ಹೌಸಿಂಗ್ ಸೊಸೈಟಿಯಲ್ಲಿ ಕಾವಲು ಕೆಲಸ ಹಿಡಿದಿದ್ದ. ಭಾನುವಾರ ಬೆಳಿಗ್ಗೆ ವಿಠ್ಠಲವಾಡಿಯ ಆ ಮನೆಯಲ್ಲಿ ಚಾಪೆಯ ತುದಿಯಲ್ಲಿ ಕೂತು ನಳಿನಾಕ್ಷಿ ಓದಿದಳು. ಕೆಲಸದ ಸ್ಥಳದಲ್ಲೇ ಆದ ಅಪಘಾತ ಎಂದು ಒಪ್ಪಿದ್ದಾರೆ, ಎಡಗಣ್ಣಿನ ದೃಷ್ಟಿ ಪೂರ್ತಿ ಹೋಗಿದೆ, ದುಡಿಯುವ ಶಕ್ತಿಯಲ್ಲಿ ಆದ ನಷ್ಟ ಶೇಕಡಾ ಮೂವತ್ತು. ನಿಯಮದ ಪಟ್ಟಿಯಲ್ಲಿ ಒಂದು ಕಣ್ಣಿಗೆ ಅಷ್ಟೇ ಬರೆದಿದೆ. ಇನ್ನು ತಿಂಗಳು ತಿಂಗಳು ಸ್ವಲ್ಪ ಬರುತ್ತದೆ.

ಬಾಳಪ್ಪ ಅದನ್ನು ಎರಡು ಸಲ ಓದಿಸಿದ. ಬೆರಳು ಮಡಿಸಿ ಏನೋ ಎಣಿಸಿಕೊಂಡ.

"ಎರಡು ಕಣ್ಣಾಗ ಒಂದು ಹೋದ್ರ ಅರ್ಧ ಆಗಬೇಕಲ್ರಿ ಅಕ್ಕಾರ? ಐವತ್ತು. ಇವರು ಮೂವತ್ತು ಹೆಂಗ ಬರದಾರ?"

ಪಟ್ಟಿಯನ್ನು ವಿವರಿಸಿ ಹೇಳಬಹುದಿತ್ತು, ಅವಳಿಗೆ ಅದು ಗೊತ್ತಿತ್ತು. ಕಾಲ ಕೆಳಗಿನ ಚಾಪೆಯ ಕಡ್ಡಿ ಕೀಳುತ್ತಿದ್ದ ಕೈಯನ್ನು ನಿಲ್ಲಿಸಿದಳು.

"ಮೂವತ್ತು ಅವರ ಲೆಕ್ಕ," ಎಂದಳು. "ಉಳಿದ ಇಪ್ಪತ್ತು ನನ್ನದು ಬಾಳಪ್ಪ. ಆವತ್ತು ರಿಕ್ಷಾ ಬಂದಿತ್ತು, ನಾನು ವಾಪಸು ಕಳಿಸಿದೆ."

ಬಾಳಪ್ಪ, ಹಂಗೆಲ್ಲ ಅನಬ್ಯಾಡ್ರಿ ಎಂದು ಶುರು ಮಾಡಿದ. ನೀಲಗಂಗಾ ಅವನನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿದಳು.

"ಹೌದ್ರಿ," ಎಂದಳು ನಳಿನಾಕ್ಷಿಗೆ. "ಅದು ನಿಮ್ದ."

ಅಷ್ಟು ಹೇಳಿ ಅವಳು ಒಲೆ ಹಚ್ಚಿ, ಮೂವರಿಗೂ ಆಗುವಷ್ಟು ಚಹಾಕ್ಕೆ ನೀರಿಟ್ಟಳು.